ಹನ್ನೆರಡು ವಾರ ಸಾಕು

ಡೆನುವೊ ಎಂಬ ನಕಲು ತಡೆ ತಂತ್ರಾಂಶದ ರಕ್ಷಣೆ ಇರುವ ಕಂಪ್ಯೂಟರ್ ಗೇಮೊಂದು ಬಿಡುಗಡೆಯಾದ ಮೊದಲ ವಾರದಲ್ಲೇ ಕ್ರ್ಯಾಕ್ ಆದರೆ, ಅಂದರೆ ಯಾರಾದರೂ ಆ ಬೀಗ ಮುರಿದು ಪುಕ್ಕಟೆ ಪ್ರತಿ ಹಂಚಿದರೆ, ಅದರ ಒಟ್ಟು ಆದಾಯಕ್ಕೆ ಸರಾಸರಿ ಶೇ 20ರಷ್ಟು ಪೆಟ್ಟು. ಹನ್ನೆರಡು ವಾರ ಕಳೆದ ಮೇಲೆ ಕ್ರ್ಯಾಕ್ ಆದರೆ ಪೆಟ್ಟು ಹೆಚ್ಚುಕಡಿಮೆ ಸೊನ್ನೆ. ವಿಲಿಯಂ ವೋಕ್‌ಮನ್ ಎಂಬ ಸಂಶೋಧಕರು 2014ರಿಂದ 2022ರವರೆಗೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಗೆ ಬಂದ ಅಂಥ 86 ಗೇಮ್‌ಗಳನ್ನು ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಸ್ಟೀಮ್ ಮಾರಾಟದ ಅಂಕಿಗಳನ್ನು ಬಿಟ್ಟುಕೊಡುವುದಿಲ್ಲ. ಹಾಗಾಗಿ ಇದು ಅಂದಾಜಿನ ಮೇಲೆ ನಿಂತ ಲೆಕ್ಕ, ಅಂಕಿ ಆಚೀಚೆ ಆಗಬಹುದು. ಆದರೂ ಕಾಪಿ ಪ್ರೊಟೆಕ್ಷನ್ ನ್ಯಾಯವೋ ಅನ್ಯಾಯವೋ ಎಂಬ ಜಗಳವನ್ನು ಇಷ್ಟು ಚೆನ್ನಾಗಿ ಎರಡು ಪಾಲು ಮಾಡುವ ಅಂಕಿ ಬೇರೊಂದಿಲ್ಲ. ಮೊದಲ ಮೂರು ತಿಂಗಳು ರಕ್ಷಣೆಗೆ ಕಾರಣವಿದೆ. ಆಮೇಲೂ ಅದು ಗೇಮಿನೊಳಗೆ ಕೂತಿದ್ದರೆ ಅದರಿಂದ ಯಾರಿಗೆ ಏನು ಲಾಭ ಎಂದು ಪ್ರಕಾಶಕರೇ ಹೇಳಬೇಕು. ಯಾಕೆಂದರೆ ಅದರ ಖರ್ಚು ತೆರುತ್ತಿರುವುದು ದುಡ್ಡು ಕೊಟ್ಟು ಕೊಂಡವರು ಮಾತ್ರ. ಕ್ರ್ಯಾಕ್ ಆಡುವವನನ್ನು ಆ ರಕ್ಷಣೆ ತಡೆಯುವುದೇ ಇಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಈಗಲೂ 'ಸ್ಪೋರ್' ಎಂಬ ಗೇಮ್. 2008ರ ಸೆಪ್ಟೆಂಬರಿನಲ್ಲಿ ಪ್ರಕಾಶಕ ಸಂಸ್ಥೆ ಇಎ ಅದನ್ನು ಸೆಕ್ಯುರಾಮ್ ರಕ್ಷಣೆಯೊಂದಿಗೆ ಮಾರಿತು. ಒಂದು ಪ್ರತಿಗೆ ಮೂರೇ ಆಕ್ಟಿವೇಷನ್, ಅಂದರೆ ನೋಂದಾಯಿಸಿ ಚಾಲೂ ಮಾಡಲು ಮೂರೇ ಅವಕಾಶ. ನಾಲ್ಕನೆಯದು ಬೇಕೆಂದರೆ ಗ್ರಾಹಕ ಸೇವೆಯವರನ್ನು ಕೇಳಿಕೊಳ್ಳಬೇಕು. ಅಮೆಜಾನಿನಲ್ಲಿ ಕೆಲವೇ ದಿನಗಳಲ್ಲಿ ಒಂದು ನಕ್ಷತ್ರದ ವಿಮರ್ಶೆಗಳು ಎರಡು ಸಾವಿರ ದಾಟಿದವು. ಕ್ರ್ಯಾಕ್ ಆದ ಪ್ರತಿಯಂತೂ ಅಂಗಡಿಗೆ ಡಿಸ್ಕ್ ಬರುವ ಮುಂಚೆಯೇ ಟೊರೆಂಟಿಗೆ (ಕಡತ ಹಂಚಿಕೊಳ್ಳುವ ಜಾಲಕ್ಕೆ) ಬಂದಿತ್ತು, ಆ ವರ್ಷ ಅತಿ ಹೆಚ್ಚು ಡೌನ್‌ಲೋಡ್ ಆದ ಗೇಮ್ ಎಂದು ಟೊರೆಂಟ್‌ಫ್ರೀಕ್ ಜಾಲತಾಣ ಪಟ್ಟಿ ಮಾಡಿದ್ದೂ ಅದನ್ನೇ. ಇಎ ಮಿತಿಯನ್ನು ಐದಕ್ಕೆ ಏರಿಸಿತು, ಹಳೆಯ ಕಂಪ್ಯೂಟರಿನ ಆಕ್ಟಿವೇಷನ್ ವಾಪಸ್ ಪಡೆಯುವ ಒಂದು ಉಪಕರಣವನ್ನೂ ಆಮೇಲೆ ಕೊಟ್ಟಿತು. ಆ ಮೂರರ ಮಿತಿ ಒಬ್ಬನೇ ಒಬ್ಬ ಕಳ್ಳನಿಗೂ ಅನ್ವಯಿಸಲಿಲ್ಲ ಅನ್ನುವುದನ್ನು ಗಮನಿಸಿ.

ಡಿಸ್ಕಿನ ಕಾಲದ ಬೀಗಗಳು

ಹಾಗಂತ ನಕಲು ಮಾಡುವವರನ್ನು ಬಡವರ ಬಂಧುಗಳು ಎಂದು ಚಿತ್ರಿಸುವುದೂ ಸುಳ್ಳೇ. 2013ರಲ್ಲಿ ಗ್ರೀನ್‌ಹಾರ್ಟ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆ 'ಗೇಮ್ ಡೆವ್ ಟೈಕೂನ್' ಬಿಡುಗಡೆ ಮಾಡಿದ ದಿನವೇ ತಾವೇ ತಯಾರಿಸಿದ ಒಂದು 'ಕ್ರ್ಯಾಕ್' ಪ್ರತಿಯನ್ನು ಟೊರೆಂಟಿಗೆ ಬಿಟ್ಟಿತು. ಮೊದಲ ದಿನ ಆಡಿದವರಲ್ಲಿ ಶೇ 93.6ರಷ್ಟು ಮಂದಿ ಆಡಿದ್ದು ಆ ಪ್ರತಿಯನ್ನೇ. ರಕ್ಷಣೆಯೇ ಇಲ್ಲದ, ಬೆಲೆಯೂ ಕಡಿಮೆಯಿದ್ದ ಗೇಮ್ ಅದು. ಕದ್ದ ಪ್ರತಿಯಲ್ಲಿ ಒಂದು ಕೊಕ್ಕೆ ಇತ್ತು: ಆಟಗಾರ ಕಟ್ಟಿದ ಗೇಮ್ ಕಂಪನಿ ಪೈರಸಿಯಿಂದಲೇ ದಿವಾಳಿಯಾಗುತ್ತಿತ್ತು. ಕೊಂಡವರಿಗೆ ಇದರಿಂದ ಒಂದು ಪೈಸೆಯ ತೊಂದರೆಯೂ ಇಲ್ಲ. ಇಷ್ಟು ಚೊಕ್ಕವಾದ ರಕ್ಷಣೆ ಅಪರೂಪ.

ಇದೇ ಜಾಣತನ ತಿರುಗಿ ಬೀಳುವುದೂ ಉಂಟು. 2006ರ 'ಟೈಟನ್ ಕ್ವೆಸ್ಟ್'ನಲ್ಲಿ ಗೇಮಿನ ಒಳಗೆ ಅಲ್ಲಲ್ಲಿ ರಹಸ್ಯ ತಪಾಸಣೆಗಳಿದ್ದವು, ಕ್ರ್ಯಾಕ್ ಪ್ರತಿ ಅವನ್ನು ಮುಟ್ಟಿದ ಕೂಡಲೇ ಸಂದೇಶವಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ಕದ್ದು ಆಡಿದವರು 'ಈ ಗೇಮ್ ಬರೀ ಕ್ರ್ಯಾಶ್ ಆಗುತ್ತದೆ' ಎಂದು ಊರೆಲ್ಲ ಸಾರಿದರು. ಆ ಮಾತು ಬಿಡುಗಡೆಗೆ ಮುಂಚೆಯೇ ಹರಡಿ ಮಾರಾಟಕ್ಕೆ ಕುತ್ತಾಯಿತು ಎಂದು ಪ್ರಕಾಶಕ ಟಿಎಚ್‌ಕ್ಯೂ ಕಡೆಯ ಮೈಕಲ್ ಫಿಚ್ 2008ರಲ್ಲಿ ಬರೆದುಕೊಂಡರು. ರಕ್ಷಣೆ ಬಾಯಿಬಿಟ್ಟು ಹೇಳಬೇಕು: 'ಇದು ನಕಲು ಪ್ರತಿ, ಅದಕ್ಕೇ ನಿಂತಿದ್ದೇನೆ' ಅಂತ. ಬಗ್ ತರಹ ನಟಿಸುವ ರಕ್ಷಣೆ, ತಪ್ಪಿ ನಿಜವಾದ ಗ್ರಾಹಕನ ಮೇಲೆ ಎಗರಿದರೆ ಆತನಿಗೆ ಕಾರಣವೇ ತಿಳಿಯುವುದಿಲ್ಲ.

ಸಿಡಿ ಕಾಲದಲ್ಲಿ ಮೂರು ಹೆಸರುಗಳು ಮುಖ್ಯ: ಸೇಫ್‌ಡಿಸ್ಕ್, ಸೆಕ್ಯುರಾಮ್, ಸ್ಟಾರ್‌ಫೋರ್ಸ್. ಸೇಫ್‌ಡಿಸ್ಕ್ ಮೊದಲು ಬೇಕೆಂದೇ ಕೆಡಿಸಿದ ಸೆಕ್ಟರುಗಳನ್ನು (ಡೇಟಾದ ಸಣ್ಣ ತುಂಡುಗಳನ್ನು) ಡಿಸ್ಕಿನಲ್ಲಿ ಇಡುತ್ತಿತ್ತು. ನಕಲು ಮಾಡುವ ತಂತ್ರಾಂಶ ಅವನ್ನು 'ಸರಿಪಡಿಸಿ' ಬರೆದುಬಿಟ್ಟರೆ ಗೇಮಿಗೆ ಸುಳ್ಳು ಗೊತ್ತಾಗುತ್ತಿತ್ತು. ಎರಡನೇ ಆವೃತ್ತಿಯಲ್ಲಿ ಬಂದದ್ದು ದುರ್ಬಲ ಸೆಕ್ಟರ್, ಅಂದರೆ ಅಗ್ಗದ ಸಿಡಿ ರೈಟರ್‌ಗಳು ಸರಿಯಾಗಿ ಬರೆಯಲಾರದ ಬಿಟ್ ವಿನ್ಯಾಸ. ಸೆಕ್ಯುರಾಮ್ ಡಿಸ್ಕಿನ ಮೇಲೆ ಡೇಟಾ ಎಲ್ಲೆಲ್ಲಿ ಕೂತಿದೆ ಎಂಬ ಭೌತಿಕ ಅಳತೆಯನ್ನೇ ತೆಗೆಯುತ್ತಿತ್ತು. ಇವೆಲ್ಲದರ ದೌರ್ಬಲ್ಯ ಒಂದೇ. ಡಿಸ್ಕ್ ಸ್ವಲ್ಪ ಗೀರಿದರೆ, ಡ್ರೈವ್ ಹಳತಾದರೆ ಅಥವಾ ಬೇರೆ ಕಂಪನಿಯದಾದರೆ, ಅಸಲಿ ಡಿಸ್ಕೂ ನಕಲಿಯಾಗಿ ಕಾಣುತ್ತಿತ್ತು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಪೇರಿಸಿಟ್ಟಿದ್ದ ಕ್ರ್ಯಾಕ್ ಸಿಡಿಗೆ ಈ ಕಾಟವೇ ಇರಲಿಲ್ಲ.

ತಪಾಸಣೆ ನಡೆಸಲು ಇವು ವಿಂಡೋಸಿನ ಒಳಕೋಣೆಗೆ, ಕರ್ನಲ್ ಮಟ್ಟಕ್ಕೆ, ಡ್ರೈವರ್ ಎಂಬ ಸಹಾಯಕ ತಂತ್ರಾಂಶ ಹಾಕುತ್ತಿದ್ದವು. ಸೇಫ್‌ಡಿಸ್ಕಿನ ಡ್ರೈವರ್ ಹೆಸರು 'ಸೆಕ್‌ಡ್ರೈವ್'. ಮೈಕ್ರೋಸಾಫ್ಟ್ ಅದನ್ನು ವಿಂಡೋಸ್ ಜೊತೆಗೇ ಕೊಡುತ್ತಿತ್ತು, ಗೇಮ್ ಆಡದವರ ಕಂಪ್ಯೂಟರಿನಲ್ಲೂ ಅದು ಇತ್ತು. 2007ರಲ್ಲಿ ಅದೇ ಡ್ರೈವರಿನಲ್ಲಿ ಭದ್ರತಾ ದೋಷ ಸಿಕ್ಕಿತು, ಸಾಮಾನ್ಯ ಬಳಕೆದಾರನ ಖಾತೆಯಿಂದ ಪೂರ್ತಿ ಅಧಿಕಾರ ಕಸಿಯಲು ದಾರಿಯಾಗುವಂಥದ್ದು. 2015ರಲ್ಲಿ ವಿಂಡೋಸ್ 10 ಆ ಡ್ರೈವರನ್ನು ಬಿಟ್ಟೇ ಬಂತು. ಅದೇ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟ್ ವಿಸ್ತಾ, 7, 8ರಲ್ಲೂ ಅದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ಮಾಡಿದ್ದು ಸರಿಯೇ. ಆದರೆ ಫಲವಾಗಿ ನೂರಾರು ಅಸಲಿ ಡಿಸ್ಕುಗಳು ಒಂದೇ ಏಟಿಗೆ ಹೊಸ ವಿಂಡೋಸಿನಲ್ಲಿ ತೆರೆಯದಾದವು. ಗೇಮ್ ಕೆಟ್ಟಿರಲಿಲ್ಲ, ಕಾವಲುಗಾರ ಮನೆ ಬಿಟ್ಟಿದ್ದ.

ಸ್ಟಾರ್‌ಫೋರ್ಸಿನ ಬಗ್ಗೆ ಹೆಚ್ಚು ಹೇಳುವುದು ಬೇಡ. ಡ್ರೈವ್ ಹಾಳಾಗುತ್ತದೆ ಎಂಬ ದೂರುಗಳಲ್ಲಿ ಎಷ್ಟು ನಿಜ ಎಂಬ ವಾದ ಏನೇ ಇರಲಿ, 2006ರಲ್ಲಿ ಗೇಮ್ ಪ್ರಕಾಶಕ ಯೂಬಿಸಾಫ್ಟ್ ಅದನ್ನು ಕೈಬಿಟ್ಟಿತು.

ಕಪಾಟಿನಲ್ಲಿ ಇಂಥ ಹಳೆಯ ಡಿಸ್ಕ್ ಇದ್ದರೆ ಏನು ಮಾಡಬೇಕು? ಮೊದಲು ಅಧಿಕೃತ ಪ್ಯಾಚ್, ಅಂದರೆ ತಯಾರಕರೇ ಕೊಟ್ಟ ತಿದ್ದುಪಡಿ, ಹುಡುಕಿ. ಅನೇಕ ಒಳ್ಳೆಯ ತಯಾರಕರು ಕೊನೆಯ ಪ್ಯಾಚಿನಲ್ಲಿ ಡಿಸ್ಕ್ ತಪಾಸಣೆಯನ್ನೇ ತೆಗೆದಿದ್ದಾರೆ. ಬ್ಲಿಜರ್ಡ್ 2008ರಲ್ಲಿ 'ಸ್ಟಾರ್‌ಕ್ರಾಫ್ಟ್'ಗೆ ಕೊಟ್ಟ 1.15.2 ಪ್ಯಾಚ್ ಮಾದರಿ ಎನ್ನಬಹುದು. ಪ್ಯಾಚ್ ಹಾಕಿದ ಮೇಲೆ ಸಿಡಿಯಲ್ಲಿರುವ 'ಇನ್‌ಸ್ಟಾಲ್' ಎಂಬ ಎಕ್ಸಿ (.exe) ಕಡತವನ್ನು ಗೇಮಿನ ಫೋಲ್ಡರಿಗೆ ನಕಲು ಮಾಡಿ, ಅದರ ಹೆಸರನ್ನು 'ಸ್ಟಾರ್‌ಕ್ರಾಫ್ಟ್' ಎಂದೂ ವಿಸ್ತರಣೆಯನ್ನು 'ಎಂಪಿಕ್ಯೂ' (.mpq) ಎಂದೂ ಬದಲಿಸಿದರೆ ಆಯಿತು, ಮತ್ತೆ ಸಿಡಿ ಬೇಡ. 'ಬ್ರೂಡ್ ವಾರ್' ಸಿಡಿಯ ಕಡತಕ್ಕೆ 'ಬ್ರೂಡ್‌ವಾರ್' ಎಂಬ ಹೆಸರು. ಇಲ್ಲಿ ಎಡವುವುದು ಒಂದೇ ಕಡೆ: ವಿಂಡೋಸ್ ಕಡತದ ವಿಸ್ತರಣೆಯನ್ನು ಮರೆಮಾಡಿರುತ್ತದೆ, ಹೆಸರು ಬದಲಿಸಿದರೂ ಕೊನೆಗೆ 'ಎಕ್ಸಿ' ಅಂಟಿಕೊಂಡೇ ಇರುತ್ತದೆ. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ವಿಸ್ತರಣೆಗಳನ್ನು ತೋರಿಸುವ ಗುರುತು ಹಾಕಿ ಆಮೇಲೆ ಬದಲಿಸಿ.

ಪ್ಯಾಚ್ ಇಲ್ಲದಿದ್ದರೆ, ಬೀಗವಿಲ್ಲದ ಗೇಮ್ ಮಾರುವ ಆನ್‌ಲೈನ್ ಅಂಗಡಿ ಜಿಒಜಿಯಲ್ಲಿ ಅದೇ ಗೇಮ್ ಸಿಗುತ್ತದೆಯೇ ನೋಡಿ. ಸೇಲ್ ಸಮಯದಲ್ಲಿ ಹಳೆಯ ಗೇಮ್‌ಗಳು ಒಂದು ಮಸಾಲೆ ದೋಸೆಯ ದುಡ್ಡಿಗೆ ಬರುವುದುಂಟು. ಕೊಂಡದ್ದನ್ನೇ ಮತ್ತೆ ಕೊಳ್ಳಬೇಕೇ ಎಂಬ ಸಿಟ್ಟು ನ್ಯಾಯವಾದದ್ದೇ, ಆದರೆ ಒಂದು ಭಾನುವಾರ ಉಳಿಯುತ್ತದೆ. ಅದೂ ಇಲ್ಲವೆಂದರೆ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರನ್ನು ಇಂಟರ್ನೆಟ್‌ಗೆ ಜೋಡಿಸದೆ ಇಟ್ಟುಕೊಳ್ಳುವುದು. ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ತಂತ್ರಾಂಶವೇ ನಟಿಸುವ ಇನ್ನೊಂದು ಕಂಪ್ಯೂಟರ್) ಎರಡು ಆಯಾಮದ ಗೇಮ್‌ಗಳಿಗೆ ಸಾಕು, ಮೂರು ಆಯಾಮದವಕ್ಕೆ ಅದರ ಗ್ರಾಫಿಕ್ಸ್ ಸೋಲುತ್ತದೆ. ವಿಂಡೋಸ್ 7ರಲ್ಲೇ ಆಡುವವರು ಆಡಳಿತಗಾರನ ಕಮಾಂಡ್ ಕಿಟಕಿಯಿಂದ ಸೆಕ್‌ಡ್ರೈವ್ ಸೇವೆಯನ್ನು ಬೇಕಾದಾಗ ಮಾತ್ರ ಶುರುವಾಗುವಂತೆ ಹೊಂದಿಸಿಕೊಂಡು, ಆಟ ಮುಗಿದ ಕೂಡಲೇ ನಿಲ್ಲಿಸಬೇಕು. ಸದಾ ಚಾಲೂ ಇಡಬಾರದು, ಮೇಲೆ ಹೇಳಿದ ದೋಷದ ನೆನಪಿರಲಿ. ಎಲ್ಲೋ ಸಿಕ್ಕ ಸೆಕ್‌ಡ್ರೈವ್ ಕಡತವನ್ನು ವಿಂಡೋಸ್ 10 ಅಥವಾ 11ಕ್ಕೆ ತುರುಕುವ ವಿಡಿಯೋಗಳಿವೆ. ಸಹಿಯಿಲ್ಲದ ಕರ್ನಲ್ ಡ್ರೈವರಿಗೆ ದಾರಿ ಮಾಡಲು ವಿಂಡೋಸಿನ ಭದ್ರತೆಯನ್ನೇ ಆರಿಸಬೇಕಾಗುತ್ತದೆ. ಬೇಡವೇ ಬೇಡ.

ಡೆನುವೊ: ಏನು ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ

ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ಹುಟ್ಟಿದ ಡೆನುವೊ, ಸೆಕ್ಯುರಾಮ್ ಮಾಡಿದ್ದ ಸೋನಿ ಡಿಎಡಿಸಿಯ ವಂಶದ್ದೇ. 2014ರ 'ಫಿಫಾ 15'ರೊಂದಿಗೆ ಕಾಣಿಸಿಕೊಂಡಿತು, 2018ರಲ್ಲಿ ಇರ್ಡೆಟೊ ಎಂಬ ಕಂಪನಿ ಅದನ್ನು ಕೊಂಡಿತು. ಇದು ಡಿಸ್ಕ್ ನೋಡುವುದಿಲ್ಲ. ಮೊದಲ ಸಲ ಗೇಮ್ ತೆರೆದಾಗ ನಿಮ್ಮ ಪ್ರೊಸೆಸರ್ ಮತ್ತು ವಿಂಡೋಸಿನ ಕೆಲವು ಗುರುತುಗಳನ್ನು ಕಲೆಹಾಕಿ, ಈ ಖಾತೆ ಗೇಮನ್ನು ಕೊಂಡಿದೆ ಎಂಬ ಟಿಕೆಟ್ ಜೊತೆ ಸರ್ವರಿಗೆ ಕಳಿಸುತ್ತದೆ. ಸರ್ವರಿನಿಂದ ಬಂದ ಟೋಕನ್, ಅಂದರೆ ಅನುಮತಿ ಚೀಟಿ, ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಗೇಮಿನ ಆಯ್ದ ಕೆಲವು ಫಂಕ್ಷನ್‌ಗಳನ್ನು (ಕೋಡಿನ ತುಣುಕುಗಳನ್ನು) ಡೆನುವೊ ತನ್ನದೇ ವರ್ಚುವಲ್ ಮಷೀನಿನ ಗೋಜಲು ಭಾಷೆಗೆ ತಿರುಗಿಸಿರುತ್ತದೆ. ಟೋಕನ್ ಮತ್ತು ಆ ಯಂತ್ರದ ಗುರುತು ಎರಡೂ ತಾಳೆಯಾದರೆ ಮಾತ್ರ ಅವು ಸರಿಯಾದ ಉತ್ತರ ಕೊಡುತ್ತವೆ. ಹಾಗಾಗಿ ಕ್ರ್ಯಾಕ್ ಮಾಡುವವರು ಒಂದು ಬಾಗಿಲು ಒಡೆದರೆ ಸಾಲದು, ಇಡೀ ಗೇಮಿನಲ್ಲಿ ಚೆಲ್ಲಿರುವ ನೂರಾರು ಜಾಗ ಹುಡುಕಬೇಕು. ಎಂಜಿನಿಯರಿಂಗ್ ದೃಷ್ಟಿಯಿಂದ ಮೆಚ್ಚಬೇಕಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಕೊಂಡವರಿಗೆ ತೊಂದರೆ ಬರುವ ಜಾಗಗಳು ಇವು.

ಸ್ಟೀಮಿನ ಪುಟದಲ್ಲಿ ಬಲಗಡೆ ಡೆನುವೊ ಹೆಸರಿನ ಕೆಳಗೆ ಒಂದು ಸಾಲು ಇರುತ್ತದೆ: ಒಂದು ದಿನಕ್ಕೆ ಐದು ಬೇರೆ ಬೇರೆ ಕಂಪ್ಯೂಟರುಗಳ ಮಿತಿ. ಯಾರು ದಿನಕ್ಕೆ ಐದು ಕಂಪ್ಯೂಟರ್ ಬದಲಿಸುತ್ತಾರೆ ಎಂದು ನಗಬಹುದು. ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಗೇಮ್ ಯಂತ್ರ ಅಥವಾ ಲಿನಕ್ಸಿನಲ್ಲಿ ಆಡುವವರಿಗೆ ಅದು ನಗು ಬರಿಸುವ ವಿಷಯವಲ್ಲ. ಅಲ್ಲಿ ವಿಂಡೋಸ್ ಗೇಮ್ ಓಡಿಸುವ ಪ್ರೋಟಾನ್ ಆವೃತ್ತಿ ಬದಲಿಸಿದರೆ ಡೆನುವೊಗೆ ಅದು ಹೊಸ ಕಂಪ್ಯೂಟರಿನಂತೆ ಕಾಣಬಹುದು. ಗೇಮ್ ಸರಿಯಾಗಿ ಓಡುತ್ತಿಲ್ಲವೆಂದು ಒಂದಾದ ಮೇಲೊಂದು ಆವೃತ್ತಿ ಪ್ರಯೋಗಿಸಿದರೆ ಸಂಜೆಯೊಳಗೆ ಮಿತಿ ಮುಗಿದು, 24 ಗಂಟೆ ಗೇಮಿನಿಂದ ಹೊರಗೆ. ಪರಿಹಾರ ಸರಳ: ಯಾವ ಆವೃತ್ತಿ ಸರಿಹೊಂದುತ್ತದೆ ಎಂದು ಪ್ರೋಟಾನ್‌ಡಿಬಿ ಜಾಲತಾಣದಲ್ಲಿ ಮೊದಲೇ ಓದಿ, ಒಂದಕ್ಕೇ ಅಂಟಿಕೊಳ್ಳಿ. ಪ್ರೊಸೆಸರುಗಳನ್ನು ಬದಲಿಸಿ ಬದಲಿಸಿ ಅಳೆಯುವ ಹಾರ್ಡ್‌ವೇರ್ ವಿಮರ್ಶಕರಂತೂ ಈ ಮಿತಿಗೆ ಸಿಕ್ಕಿಬೀಳುವುದು ಮಾಮೂಲು.

ಗೇಮಿಗೆ ದೊಡ್ಡ ಅಪ್‌ಡೇಟ್ ಬಂದರೂ, ಪ್ರೊಸೆಸರ್ ಬದಲಾದರೂ ಹಳೆಯ ಟೋಕನ್ ಸಲ್ಲದೆ ಹೋಗಬಹುದು. ಊರಿಗೆ ಹೊರಡುವ ಮುನ್ನ ಲ್ಯಾಪ್‌ಟಾಪಿನಲ್ಲಿ ಅಪ್‌ಡೇಟ್ ಪೂರ್ತಿ ಇಳಿಸಿ, ಇಂಟರ್ನೆಟ್ ಇರುವಾಗಲೇ ಒಮ್ಮೆ ಗೇಮನ್ನು ಮುಖ್ಯ ಮೆನು ದಾಟಿ ಆಟದೊಳಗೆ ಹೋಗುವವರೆಗೆ ಓಡಿಸಿ, ಆಮೇಲೆ ಸ್ಟೀಮನ್ನು ಆಫ್‌ಲೈನಿಗೆ ಹಾಕಿ. ಕ್ರಮ ತಪ್ಪಿಸಿ, ಅಂದರೆ ಅಪ್‌ಡೇಟ್ ಇಳಿದು ಒಮ್ಮೆಯೂ ತೆರೆಯದೆ ಆಫ್‌ಲೈನ್ ಹೋದರೆ, ಮಲೆನಾಡಿನ ಮನೆಯಲ್ಲಿ ಗೇಮ್ ತೆರೆಯಲು ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾದೀತು.

ಆಮೇಲೆ ಹಾರ್ಡ್‌ವೇರ್. 2021ರ ಕೊನೆಗೆ ಇಂಟೆಲ್ ತನ್ನ 12ನೇ ತಲೆಮಾರಿನ ಪ್ರೊಸೆಸರ್ ತಂದಾಗ ಅದರಲ್ಲಿ ಎರಡು ಬಗೆಯ ಕೋರ್‌ಗಳಿದ್ದವು (ಲೆಕ್ಕ ಮಾಡುವ ಘಟಕಗಳು), ದೊಡ್ಡವು ಮತ್ತು ಸಣ್ಣವು. ಹಲವು ಗೇಮ್‌ಗಳ ರಕ್ಷಣೆ ಒಂದೇ ಕಂಪ್ಯೂಟರನ್ನು ಎರಡೆಂದು ತಿಳಿದು ಗೇಮನ್ನು ನಿಲ್ಲಿಸಿತು. ಇಂಟೆಲ್ ಕೊಟ್ಟ ಉಪಾಯ ವಿಚಿತ್ರ, ಆದರೆ ಕೆಲಸ ಮಾಡುತ್ತದೆ: ಬಯೋಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗುಗಳಲ್ಲಿ) ಹಳೆಯ ಗೇಮ್‌ಗಳ ಹೊಂದಾಣಿಕೆಯ ಆಯ್ಕೆಯನ್ನು ಆನ್ ಮಾಡಿ, ಗೇಮ್ ತೆರೆಯುವ ಮುನ್ನ ಕೀಬೋರ್ಡಿನ ಸ್ಕ್ರೋಲ್ ಲಾಕ್ ಒತ್ತುವುದು. ಸಣ್ಣ ಕೋರ್‌ಗಳು ಪಕ್ಕಕ್ಕೆ ಸರಿಯುತ್ತವೆ. ಆಟ ಮುಗಿದ ಮೇಲೆ ಮತ್ತೆ ಒತ್ತಬೇಕು, ಮರೆತರೆ ಕಂಪ್ಯೂಟರ್ ಪೂರ್ತಿ ಬಲವಿಲ್ಲದೆ ಓಡುತ್ತಿರುತ್ತದೆ. ಬಹುತೇಕ ಗೇಮ್‌ಗಳಿಗೆ ಪ್ಯಾಚ್ ಬಂದಿದೆ. ಸ್ಕ್ರೋಲ್ ಲಾಕ್ ಕೀಲಿಗೆ ಇಪ್ಪತ್ತು ವರ್ಷದಲ್ಲಿ ಸಿಕ್ಕ ಏಕೈಕ ಕೆಲಸ ಇದೇ ಇರಬೇಕು.

ಅದೇ ವರ್ಷದ ನವೆಂಬರಿನಲ್ಲಿ ಇನ್ನೊಂದು ಅವಘಡ: ಡೆನುವೊ ಬಳಸುತ್ತಿದ್ದ ಒಂದು ಡೊಮೈನ್ ಹೆಸರನ್ನು ನವೀಕರಿಸದೆ ಬಿಟ್ಟಿದ್ದರಿಂದ ಹಲವು ಗೇಮ್‌ಗಳು ವಾರಾಂತ್ಯದಲ್ಲಿ ತೆರೆಯಲಿಲ್ಲ. ಡೊಮೈನ್ ಶುಲ್ಕ ಎಷ್ಟಿರುತ್ತದೆ ಎಂಬುದು ವೆಬ್‌ಸೈಟ್ ನಡೆಸುವ ಯಾರಿಗಾದರೂ ಗೊತ್ತು.

ಇನ್ನು ವೇಗದ ಪ್ರಶ್ನೆ. ಡೆನುವೊ ಇದ್ದರೆ ಗೇಮ್ ನಿಧಾನ ಎಂದು ಸಾರಾಸಗಟಾಗಿ ಹೇಳುವವರ ಮಾತು ಅರ್ಧ ಸತ್ಯ. ಎಲ್ಲವೂ ರಕ್ಷಣೆಯ ತಪಾಸಣೆಯನ್ನು ಎಲ್ಲಿ ಇಟ್ಟಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ಗೇಮ್ ಸೇವ್ ಆಗುವಾಗಲೋ, ಹೊಸ ಹಂತ ತೆರೆಯುವಾಗಲೋ ಓಡುವ ಫಂಕ್ಷನ್ನಿನಲ್ಲಿ ಇಟ್ಟರೆ ಕೆಲವು ಮಿಲಿಸೆಕೆಂಡ್ ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಫ್ರೇಮಿಗೂ, ಅಂದರೆ ತೆರೆಯ ಮೇಲೆ ಮೂಡುವ ಪ್ರತಿ ಚಿತ್ರಕ್ಕೂ, ಓಡುವ ಕಡೆ ಇಟ್ಟರೆ ಎಡವುತ್ತದೆ. 2018ರಲ್ಲಿ 'ಟೆಕ್ಕನ್ 7'ರ ನಿರ್ಮಾಪಕ ಕತ್ಸುಹಿರೊ ಹರಾಡ, ಒಂದು ಪಾತ್ರದ ಹೊಡೆತಗಳ ಹೊತ್ತಿಗೆ ಫ್ರೇಮ್ ಕುಸಿಯುತ್ತಿರುವುದಕ್ಕೆ ಡೆನುವೊ ಕಾರಣವೆಂದು ತಾವೇ ಹೇಳಿದರು. 2021ರ 'ರೆಸಿಡೆಂಟ್ ಈವಿಲ್ ವಿಲೇಜ್' ಇನ್ನೂ ಸ್ಪಷ್ಟ ಪ್ರಕರಣ. ಶತ್ರುವಿಗೆ ಗುಂಡು ಬಿದ್ದಾಗಲೆಲ್ಲ ಗೇಮ್ ತಡವರಿಸುತ್ತಿತ್ತು, ಕ್ರ್ಯಾಕ್ ಪ್ರತಿಯಲ್ಲಿ ಆ ತಡವರಿಕೆ ಇರಲಿಲ್ಲ. ಅಳತೆ ಮಾಡಿದ ಡಿಜಿಟಲ್ ಫೌಂಡ್ರಿ ಎಂಬ ಗೇಮ್ ತಂತ್ರಜ್ಞಾನ ವಿಮರ್ಶಕರ ತಂಡ ಅದನ್ನು ದೃಢಪಡಿಸಿತು, ಜುಲೈನಲ್ಲಿ ಪ್ರಕಾಶಕ ಕ್ಯಾಪ್‌ಕಾಮ್ ಪ್ಯಾಚ್ ಕೊಟ್ಟ ಮೇಲೆ ಸರಿಹೋಯಿತು. ಅಲ್ಲಿ ಡೆನುವೊ ಜೊತೆಗೆ ಕ್ಯಾಪ್‌ಕಾಮಿನ ಸ್ವಂತ ರಕ್ಷಣೆಯೂ ಸೇರಿತ್ತು, ದೂಷಣೆಯನ್ನು ಹಂಚಬೇಕು. ಆದರೂ ಪೂರ್ತಿ ಬೆಲೆ ತೆತ್ತವನಿಗೆ ಕದ್ದವನಿಗಿಂತ ಕಳಪೆ ಗೇಮ್ ಸಿಕ್ಕಿದ್ದು ಎರಡು ತಿಂಗಳ ಮಟ್ಟಿಗೆ ನಿಜ.

ಇದನ್ನು ನೀವೇ ಅಳೆಯುವುದಾದರೆ ಕ್ರ್ಯಾಕ್ ಪ್ರತಿಯ ಜೊತೆ ಹೋಲಿಸಬೇಡಿ, ಅದು ಹೆಚ್ಚಾಗಿ ಹಳೆಯ ಆವೃತ್ತಿ, ವ್ಯತ್ಯಾಸ ಪ್ಯಾಚಿನದೋ ರಕ್ಷಣೆಯದೋ ತಿಳಿಯದು. ಪ್ರಕಾಶಕರು ಡೆನುವೊ ತೆಗೆದ ಅಪ್‌ಡೇಟಿನ ಹಿಂದಿನ ಮತ್ತು ಮುಂದಿನ ಆವೃತ್ತಿಗಳನ್ನು ಹೋಲಿಸಿ. ಗ್ರಾಫಿಕ್ಸ್ ಡ್ರೈವರ್ ಒಂದೇ ಇರಲಿ. ಮೊದಲ ಓಟವನ್ನು ಎಣಿಸಬೇಡಿ, ಶೇಡರ್‌ಗಳು (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಮುಗಳು) ಆಗ ತಯಾರಾಗುತ್ತಿರುತ್ತವೆ. ಆಮೇಲಿನ ಮೂರು ಓಟಗಳಲ್ಲಿ ಸರಾಸರಿ ಫ್ರೇಮ್‌ರೇಟಿಗಿಂತ ಅತಿ ನಿಧಾನದ ಶೇ 1ರ ಫ್ರೇಮ್‌ಗಳನ್ನು ನೋಡಿ. ಕ್ಯಾಪ್‌ಫ್ರೇಮ್‌ಎಕ್ಸ್ ಎಂಬ ತಂತ್ರಾಂಶ ಇದಕ್ಕೆ ಸಾಕು, ಉಚಿತ. ಗೇಮ್ ತೆರೆಯಲು ಹಿಡಿಯುವ ಹೊತ್ತನ್ನೂ ಅಳೆಯಿರಿ.

ಸರ್ವರ್ ಮುಚ್ಚಿದ ದಿನ

ಮೇಲಿನದೆಲ್ಲ ಕಿರಿಕಿರಿ. ನಿಜವಾದ ಅನ್ಯಾಯ ಶುರುವಾಗುವುದು ಕೀಲಿ ಶಾಶ್ವತವಾಗಿ ಬೇರೆಯವರ ಕೈಯಲ್ಲಿ ಉಳಿದಾಗ. ಯೂಬಿಸಾಫ್ಟ್ 2010ರಲ್ಲಿ 'ಅಸ್ಯಾಸಿನ್ಸ್ ಕ್ರೀಡ್ 2'ರ ಪಿಸಿ ಆವೃತ್ತಿಗೆ ಸದಾ ಇಂಟರ್ನೆಟ್ ಬೇಕೆಂದು ನಿಯಮ ಮಾಡಿತು. ಒಬ್ಬನೇ ಆಡುವ ಗೇಮ್, ಆದರೂ ನೆಟ್ ಹೋದರೆ ಆಟ ನಿಂತಿತು. ಮಾರ್ಚ್‌ನಲ್ಲಿ ಯಾರೋ ಅವರ ಸರ್ವರುಗಳ ಮೇಲೆ ದಾಳಿ ಮಾಡಿದಾಗ ಕೊಂಡವರೇ ಹೊರಗುಳಿದರು. 2013ರ 'ಸಿಮ್‌ಸಿಟಿ' ಬಿಡುಗಡೆಯಾದಾಗ ಸರ್ವರುಗಳು ಮಲಗಿದವು. ಲೆಕ್ಕಾಚಾರ ಬಹಳಷ್ಟು ಸರ್ವರಿನಲ್ಲೇ ನಡೆಯುತ್ತದೆ, ಆಫ್‌ಲೈನ್ ಕಷ್ಟ ಎಂದು ತಯಾರಕರು ಸಮಜಾಯಿಷಿ ಕೊಟ್ಟರು. ಕೆಲವೇ ದಿನಗಳಲ್ಲಿ ಒಬ್ಬ ಹವ್ಯಾಸಿ ಸಂಪರ್ಕ ಕಡಿತದ ಗಡುವನ್ನು ತೆಗೆದುಹಾಕಿ ನಗರ ಆಫ್‌ಲೈನಿನಲ್ಲೂ ಬೆಳೆಯುತ್ತದೆ ಎಂದು ತೋರಿಸಿದ. 2014ರ ಮಾರ್ಚಿನಲ್ಲಿ ಅಧಿಕೃತ ಆಫ್‌ಲೈನ್ ಆವೃತ್ತಿಯೂ ಬಂತು.

'ಸಿಮ್‌ಸಿಟಿ'ಯದು ಸುಖಾಂತ್ಯ. 'ದಿ ಕ್ರೂ' ಹಾಗಲ್ಲ. 2014ರಲ್ಲಿ ಬಂದ ಆ ರೇಸಿಂಗ್ ಗೇಮಿನ ಸರ್ವರನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ಮುಚ್ಚಿತು. ಒಬ್ಬರೇ ಆಡಬಹುದಾದ ಕಥಾಭಾಗವೂ ಅದರ ಜೊತೆಗೇ ಸತ್ತಿತು, ಮುಂದೆ ಖಾತೆಗಳಿಂದ ಲೈಸೆನ್ಸನ್ನೇ ಹಿಂತೆಗೆದುಕೊಂಡರು. ಇದರಿಂದ ಸಿಡಿದೆದ್ದ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರುಮಾಡಿದರು. ಯುರೋಪಿಯನ್ ಒಕ್ಕೂಟದ ನಾಗರಿಕ ಅರ್ಜಿಗೆ 10 ಲಕ್ಷ ಸಹಿ ಬೇಕಿತ್ತು, 2025ರ ಜುಲೈ ಕೊನೆಗೆ 14 ಲಕ್ಷ ದಾಟಿತ್ತು. ಅವರು ಕೇಳುತ್ತಿರುವುದು ಸರ್ವರನ್ನು ಎಂದೆಂದಿಗೂ ನಡೆಸಿ ಎಂದಲ್ಲ. ಮುಚ್ಚುವ ದಿನ ಗೇಮನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದು. ಇದು ಅಸಾಧ್ಯ ಎನ್ನುವವರು, 'ದಿ ಕ್ರೂ 2'ಕ್ಕೆ ಆಫ್‌ಲೈನ್ ವ್ಯವಸ್ಥೆ ಕೊಡುತ್ತೇವೆ ಎಂದು ಅದೇ ಯೂಬಿಸಾಫ್ಟ್ 2024ರಲ್ಲಿ ಘೋಷಿಸಿದ್ದನ್ನು ನೆನಪಿಡಬೇಕು.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು: 2025ರ ಜನವರಿಯಿಂದ, ಡಿಜಿಟಲ್ ಅಂಗಡಿ ಮಾರುತ್ತಿರುವುದು ಬರೀ ಲೈಸೆನ್ಸ್ ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕು. ಸ್ಟೀಮ್ ಕಾರ್ಟಿನಲ್ಲಿ ಈಗ ಕಾಣುವ ಪುಟ್ಟ ಟಿಪ್ಪಣಿ ಅದರ ಹಿನ್ನೆಲೆಯದು. ಪ್ರಾಮಾಣಿಕತೆ ಒಳ್ಳೆಯದೇ. ಆದರೆ ಕಸಿದುಕೊಳ್ಳಬಹುದು ಎಂದು ಮೊದಲೇ ಹೇಳಿದ ಮಾತ್ರಕ್ಕೆ ಕಸಿದುಕೊಳ್ಳುವುದು ನ್ಯಾಯವಾಗಿಬಿಡುವುದಿಲ್ಲ.

ನಮ್ಮ ಕಾನೂನು ಇಲ್ಲಿ ಕುತೂಹಲದ್ದು. ಅಮೆರಿಕದ 1998ರ ಕಾಯ್ದೆಯಲ್ಲಿ ರಕ್ಷಣೆಯನ್ನು ಮುರಿಯುವುದೇ ಸಾಮಾನ್ಯವಾಗಿ ಕಾನೂನುಬಾಹಿರ, ಮೂರು ವರ್ಷಕ್ಕೊಮ್ಮೆ ಕೊಡುವ ವಿನಾಯಿತಿಗಳನ್ನು ಬಿಟ್ಟರೆ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಹಾಗೆ ಹೇಳುವುದಿಲ್ಲ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ, ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಅಡ್ಡಿಯಿಲ್ಲ. 52ನೇ ಕಲಂ ಪ್ರಕಾರ ತಂತ್ರಾಂಶವನ್ನು ಕಾನೂನುಬದ್ಧವಾಗಿ ಹೊಂದಿರುವವರು ನಷ್ಟ, ಹಾನಿಯಿಂದ ಕಾಪಾಡಿಕೊಳ್ಳಲು ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಇದನ್ನು ಕೇಳಿ ಟೊರೆಂಟ್ ತೆರೆಯಬೇಡಿ. ನಿಮ್ಮ ಡಿಸ್ಕಿನಿಂದ ನೀವು ಮಾಡಿದ ಪ್ರತಿ ಬೇರೆ, ಯಾರೋ ಹಂಚಿದ ಪ್ರತಿ ಬೇರೆ. ಅಕ್ರಮ ಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ 63ಬಿ ಕಲಂ ಕಾದಿದೆ: ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುರಿಯಲು ಒಬ್ಬರಿಗೇ ಅಧಿಕಾರ ಕೊಡುವ ಕರಾರನ್ನು ಅನ್ಯಾಯದ ಕರಾರುಗಳ ಪಟ್ಟಿಗೆ ಸೇರಿಸಿದೆ. ಗೇಮ್ ಕಂಪನಿಗಳ ಷರತ್ತುಗಳನ್ನು ಪಕ್ಕದಲ್ಲಿಟ್ಟು ಆ ಸಾಲನ್ನು ಒಮ್ಮೆ ಓದಿ ನೋಡಿ.

ಕೊಳ್ಳುವ ಮುನ್ನ, ಕೊಂಡ ಮೇಲೆ

4,000 ರೂಪಾಯಿಯ ಗೇಮ್ ಕೊಳ್ಳುವ ಮೊದಲು ಪಿಸಿ ಗೇಮಿಂಗ್ ವಿಕಿಯಲ್ಲಿ ಅದರ ಪುಟ ನೋಡಿ. ಯಾವ ಅಂಗಡಿಯ ಪ್ರತಿಯಲ್ಲಿ ಯಾವ ರಕ್ಷಣೆ ಇದೆ ಎಂದು ಅಲ್ಲಿ ಕೋಷ್ಟಕವೇ ಇರುತ್ತದೆ. ಒಂದೇ ಗೇಮ್ ಒಂದು ಅಂಗಡಿಯಲ್ಲಿ ಬೀಗದೊಂದಿಗೂ ಇನ್ನೊಂದರಲ್ಲಿ ಇಲ್ಲದೆಯೂ ಬಂದದ್ದುಂಟು. 2020ರಲ್ಲಿ 'ಡೂಮ್ ಎಟರ್ನಲ್' ಬಿಡುಗಡೆಯಾದಾಗ ಬೆಥೆಸ್ಡಾದ ಸ್ವಂತ ಲಾಂಚರಿನಲ್ಲಿ ಕಣ್ತಪ್ಪಿನಿಂದ ಡೆನುವೊ ಇಲ್ಲದ ಎಕ್ಸಿ ಕಡತವೂ ಹೊರಬಿದ್ದಿತ್ತು. ಸ್ಟೀಮಿನಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಸಿಗುತ್ತದೆ. ಆ ಎರಡು ಗಂಟೆಯಲ್ಲಿ ಕಥೆ ನೋಡುವುದಕ್ಕಿಂತ ಆಫ್‌ಲೈನಿನಲ್ಲಿ ತೆರೆಯುತ್ತದೆಯೇ, ನಿಮ್ಮ ಯಂತ್ರದಲ್ಲಿ ತಡವರಿಸುತ್ತದೆಯೇ ನೋಡಿ.

ಸ್ಟೀಮ್ ಗೇಮ್‌ಗಳೆಲ್ಲಕ್ಕೂ ಬೀಗವಿದೆ ಎಂಬುದು ತಪ್ಪು ಕಲ್ಪನೆ. ಸ್ಟೀಮಿನ ಸ್ವಂತ ಹೊದಿಕೆ ತೆಳುವಾದದ್ದು. ಅದೊಂದೇ ಪೈರಸಿಗೆ ಪರಿಹಾರವಲ್ಲ ಎಂದು ಸ್ಟೀಮ್ ನಡೆಸುವ ವಾಲ್ವ್ ತನ್ನ ದಾಖಲೆಯಲ್ಲೇ ತಯಾರಕರಿಗೆ ಹೇಳುತ್ತದೆ. ಅದನ್ನೂ ಹಾಕದ ಗೇಮ್‌ಗಳು ಸಾಕಷ್ಟಿವೆ. ಪರೀಕ್ಷೆ ಸುಲಭ: ಸ್ಟೀಮನ್ನು ಪೂರ್ತಿ ಮುಚ್ಚಿ, ಗೇಮಿನ ಫೋಲ್ಡರನ್ನು ಬೇರೆ ಡ್ರೈವಿಗೆ ನಕಲು ಮಾಡಿ, ಅಲ್ಲಿಂದ ಎಕ್ಸಿಯನ್ನು ನೇರವಾಗಿ ತೆರೆಯಿರಿ. ಸ್ಟೀಮ್ ತಾನಾಗಿ ಎದ್ದು ಬರದೆ ಗೇಮ್ ಓಡಿದರೆ ಆ ಫೋಲ್ಡರೇ ನಿಮ್ಮ ಬ್ಯಾಕಪ್. ಸ್ಟೀಮಿನಲ್ಲಿರುವ ಬ್ಯಾಕಪ್ ಆಯ್ಕೆಯನ್ನು ಇದಕ್ಕೆ ನಂಬಬೇಡಿ, ಅದನ್ನು ಮರಳಿ ಹಾಕಲು ಸ್ಟೀಮ್ ಖಾತೆ ಬೇಕೇ ಬೇಕು.

ಜಿಒಜಿಯಲ್ಲಿ ಕೊಂಡವರು ಗ್ಯಾಲಕ್ಸಿ ಆ್ಯಪ್ ಮೂಲಕ ಹಾಕಿಕೊಂಡು ಸುಮ್ಮನಾಗಿಬಿಡುತ್ತಾರೆ. ಆಗ ಜಿಒಜಿಯ ಮುಖ್ಯ ಲಾಭವೇ ಕೈತಪ್ಪಿದಂತೆ. ಖಾತೆಯ ಪುಟದಿಂದ ಆಫ್‌ಲೈನ್ ಇನ್‌ಸ್ಟಾಲರನ್ನು ಬೇರೆಯಾಗಿ ಇಳಿಸಬೇಕು. ದೊಡ್ಡ ಗೇಮ್ ಆದರೆ ಒಂದು ಸಣ್ಣ ಎಕ್ಸಿ ಮತ್ತು ಹಲವು ಬಿನ್ ಕಡತಗಳು, ಎಲ್ಲವೂ ಒಂದೇ ಫೋಲ್ಡರಿನಲ್ಲಿರಬೇಕು. ಒಂದು ಬಿನ್ ತಪ್ಪಿದರೂ ಅರ್ಧಕ್ಕೆ ನಿಲ್ಲುತ್ತದೆ. ಇಡುವ ಹಾರ್ಡ್ ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಲಿ, ಹಳೆಯ ಫ್ಯಾಟ್32 ಪೆನ್‌ಡ್ರೈವಿಗೆ 4 ಜಿಬಿಯ ಕಡತ ಹಿಡಿಸುವುದಿಲ್ಲ. ಇಳಿಸಿದ ಮೇಲೆ ನೆಟ್ ಕಿತ್ತು ಒಮ್ಮೆ ಹಾಕಿ ನೋಡಿ. ಪ್ಯಾಚ್ ಬಂದಾಗ ಇನ್‌ಸ್ಟಾಲರನ್ನು ಮತ್ತೆ ಇಳಿಸಬೇಕು, ಅದು ತಾನಾಗಿ ಹೊಸದಾಗುವುದಿಲ್ಲ. 'ವಿಚರ್ 3', 'ಸೈಬರ್‌ಪಂಕ್ 2077', 'ಬಾಲ್ಡರ್ಸ್ ಗೇಟ್ 3' ಮೂರೂ ಮೊದಲ ದಿನದಿಂದಲೇ ಹೀಗೆ ಬೀಗವಿಲ್ಲದೆ ಸಿಕ್ಕಿವೆ, ಮೂರೂ ಕೋಟಿಗೂ ಮೀರಿ ಮಾರಾಟವಾಗಿವೆ. ಎಲ್ಲ ಗೇಮ್‌ಗಳಿಗೂ ಆ ಅದೃಷ್ಟವಿಲ್ಲ, ಒಪ್ಪೋಣ. ಅದಕ್ಕೇ ಹನ್ನೆರಡು ವಾರದ ಮಾತು.

ರಕ್ಷಣೆಯನ್ನು ಒಂದು ಹಂತದ ಮೇಲೆ ತೆಗೆಯುವುದು ಪ್ರಕಾಶಕರಿಗೂ ಹೊಸ ವಿಚಾರವಲ್ಲ. 2020ರಲ್ಲಿ ಗೇಮ್ ಸಂಸ್ಥೆ ಕ್ರೈಟೆಕ್‌ನಿಂದ ಸೋರಿಕೆಯಾದ ಕಾಗದಗಳಲ್ಲಿದ್ದ ಡೆನುವೊ ದರಪಟ್ಟಿಯಂತೆ ಮೊದಲ ಹನ್ನೆರಡು ತಿಂಗಳಿಗೆ 1,40,000 ಯೂರೋ, ಆಮೇಲೆ ತಿಂಗಳಿಗೆ 2,000 ಯೂರೋ. ಮೊದಲ ವರ್ಷ ಕಳೆದ ಮೇಲೆ ತಿಂಗಳು ತಿಂಗಳು ಕಟ್ಟುವ ಬಾಡಿಗೆ ಇದು, ಹಾಗಾಗಿ ಅನೇಕರು ಸದ್ದಿಲ್ಲದೆ ತೆಗೆದೂ ಬಿಡುತ್ತಾರೆ. 2016ರ 'ಡೂಮ್' ಅದೇ ವರ್ಷದ ಡಿಸೆಂಬರಿನಲ್ಲಿ ಡೆನುವೊ ಕಳಚಿತು. 2017ರಲ್ಲಿ 'ರೈಮ್' ತಯಾರಕರು ಕ್ರ್ಯಾಕ್ ಆದರೆ ತೆಗೆಯುತ್ತೇವೆ ಎಂದು ಮೊದಲೇ ಮಾತು ಕೊಟ್ಟು, ಐದೇ ದಿನದಲ್ಲಿ ಕ್ರ್ಯಾಕ್ ಆದಾಗ ಮಾತಿಗೆ ತಕ್ಕಂತೆ ತೆಗೆದರು. ಕೊರತೆ ಒಂದೇ, ತೆಗೆಯುವ ತಾರೀಖನ್ನು ಯಾರೂ ಮಾರಾಟದ ಪುಟದಲ್ಲಿ ಬರೆಯುವುದಿಲ್ಲ. ದಿನಕ್ಕೆ ಐದು ಕಂಪ್ಯೂಟರ್ ಎಂಬ ಸಾಲಿಗೆ ಅಲ್ಲಿ ಜಾಗವಿದೆ. 'ಈ ರಕ್ಷಣೆ ಇಂಥ ದಿನ ಹೋಗುತ್ತದೆ' ಎಂಬ ಇನ್ನೊಂದು ಸಾಲಿಗೂ ಇರಬೇಕು.

ಅಲ್ಲಿಯವರೆಗೆ ಕಾಯುವ ತಾಳ್ಮೆ ಇರುವವರು ಗೇಮನ್ನು ವಿಶ್‌ಲಿಸ್ಟಿಗೆ ಹಾಕಿ, ಸ್ಟೀಮ್‌ಡಿಬಿ ಜಾಲತಾಣದಲ್ಲಿ ಅದರ ಅಪ್‌ಡೇಟುಗಳ ಮೇಲೆ ಕಣ್ಣಿಡಬಹುದು. ಪ್ಯಾಚ್ ಟಿಪ್ಪಣಿಯಲ್ಲಿ ಡೆನುವೊ ತೆಗೆದ ಸುದ್ದಿಯನ್ನು ಕಂಪನಿಗಳು ಬರೆಯುವುದು ಕಡಿಮೆ. ಆದರೆ ಎಕ್ಸಿ ಕಡತದ ಗಾತ್ರ ಇದ್ದಕ್ಕಿದ್ದಂತೆ ಹಲವು ಪಟ್ಟು ಕುಗ್ಗಿದರೆ, ಸ್ಟೀಮ್ ಪುಟದಿಂದ ಆ ಐದು ಕಂಪ್ಯೂಟರಿನ ಸಾಲು ಮಾಯವಾದರೆ, ಕೆಲಸ ಆಗಿದೆ ಎಂದೇ ಅರ್ಥ. ಅಷ್ಟು ಹೊತ್ತಿಗೆ ಬೆಲೆಯೂ ಸಾಮಾನ್ಯವಾಗಿ ಅರ್ಧಕ್ಕೆ ಇಳಿದಿರುತ್ತದೆ, ಬಿಡುಗಡೆಯ ದಿನದ ಬಗ್‌ಗಳೂ ಬಹುಪಾಲು ಸತ್ತಿರುತ್ತವೆ.